ಜೀವಂತ ಕಡಲು ತೋರಿಸಿದ ಕಮತಗಿಯ ಮೇಡಂ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ತರಗತಿಗೆ ಬರುವ ಮುಂಚೆ ಫಾರ್ಮಾಲಿನ್ ವಾಸನೆ ಬರುತ್ತಿತ್ತು. ಹಿಂದೆಯೇ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ಭರಣಿಗಳನ್ನು ಎದೆಗವುಚಿಕೊಂಡು ಅವರು ಬರುತ್ತಿದ್ದರು. ಭರಣಿಯೊಳಗೆ ಬಿಳಿಚಿಕೊಂಡ ನಕ್ಷತ್ರಮೀನು, ಸಮುದ್ರಕುದುರೆ. ಬಾಗಲಕೋಟೆಯ ಕಾಲೇಜಿನಲ್ಲಿ ನಾವು ಕಂಡ ಕಡಲು ಅಷ್ಟೇ, ಅದೂ ಸತ್ತದ್ದು.

ಮೇಡಂಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಕರಾವಳಿಯ ಕಡಲ ಸಂಶೋಧನಾ ಕೇಂದ್ರದ ಪ್ರಯೋಗಾಲಯವನ್ನು ನಮಗೆ ತೋರಿಸಲೇಬೇಕೆಂದು ಹಟ ಹಿಡಿದರು. "ಬಯಲಸೀಮಿ ಹುಡುಗರಿಗೆ ಸಮುದ್ರ ಯಾಕ್ರಿ?" ಎಂದು ಪ್ರಾಂಶುಪಾಲರು ನಕ್ಕಾಗ, "ಬಯಲಾಗ ಹುಟ್ಟಿದವ್ರ ಕಣ್ಣು ದೂರ ನೋಡ್ತಾವ್ರಿ ಸರ" ಎಂದು ಅವರ ಬಾಯಿ ಮುಚ್ಚಿಸಿದರು. ಕೇಂದ್ರದವರೂ ಸುಲಭಕ್ಕೆ ಬಗ್ಗಲಿಲ್ಲ. ಮೇಡಂ ಫೋನು ಮಾಡಿ ಮಾಡಿ ಕೊನೆಗೆ ಒಂದು ಮುಂಜಾನೆಯ ಮಟ್ಟಿಗೆ ಒಪ್ಪಿಸಿದರು. ಅದು ಸರಿಹೋದರೆ ಮಾತ್ರ ಮುಂದಿನ ತಂಡಗಳಿಗೂ ಬಾಗಿಲು ತೆರೆಯುತ್ತಿತ್ತು.

ಆ ಮುಂಜಾನೆ ಕೇಂದ್ರದ ದೋಣಿಯವರು ಸಣ್ಣ ಕಣ್ಣಿನ ಬಲೆ ಎಳೆದು, ಕಣ್ಣಿಗೆ ಕಂಡೂ ಕಾಣದಷ್ಟು ಪುಟ್ಟ ಜೀವಿಗಳಿದ್ದ ಒಂದು ಬಕೆಟ್ ನೀರು ತಂದುಕೊಟ್ಟರು. ಮೇಡಂ ಹುಟ್ಟಿ ಬೆಳೆದದ್ದು ಕಮತಗಿಯಲ್ಲಿ. ನಮ್ಮ ಕಡೆ ಕೊಡದ ಬಾಯಿಗೆ ಬಟ್ಟೆ ಹಿಡಿಯದೆ ಯಾರೂ ನೀರು ತುಂಬುವುದಿಲ್ಲ. ನಮ್ಮೊಡನೆ ಮಾತಾಡುತ್ತಲೇ ಅವರು ಬಿಳಿ ಬಟ್ಟೆಯೊಂದನ್ನು ಎರಡು ಪದರ ಮಾಡಿ, ಗಾಜಿನ ಪಾತ್ರೆಯ ಬಾಯಿಗೆ ಹಿಡಿದು, ಬಕೆಟ್ಟಿನ ನೀರನ್ನೆಲ್ಲ ಸೋಸಿಬಿಟ್ಟರು!

ಅಲ್ಲಿನ ವಿಜ್ಞಾನಿ ಪಾತ್ರೆಯ ನೀರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಇಣುಕಿದರು. "ಎಂತದು ಮೇಡಂ, ಇದ್ರಲ್ಲಿ ಏನೂ ಇಲ್ಲ. ಬರೀ ನೀರು."

ದೋಣಿ ಆ ದಿನ ಮತ್ತೆ ಹೋಗುವಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಪ್ಪನ್ನು ದೋಣಿಯವರ ತಲೆಗೆ ಕಟ್ಟುತ್ತಿದ್ದರು. ಮೇಡಂ ಒದ್ದೆ ಬಟ್ಟೆಯನ್ನು ಎತ್ತಿ ಹಿಡಿದರು.

"ನಾನ ಸೋಸೀನ್ರಿ. ಕಮತಗಿ ಕೈ ನೋಡ್ರಿ ಇದು, ನೀರು ಕಂಡ ಕೂಡ್ಲೆ ಅರಿವಿ ಹಿಡೀತದ. ತಡೀರಿ, ಎಲ್ಲಾ ಇದರಾಗ ಕುಂತಿರಬೇಕು."

ಬಟ್ಟೆಯನ್ನು ಮಗುಚಿ, ಚೂರು ಕಡಲ ನೀರು ಹಾಕಿ, ಗಾಜಿನ ತಟ್ಟೆಯೊಳಗೆ ಮೆಲ್ಲಗೆ ಜಾಲಿಸಿ, ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. "ನೀ ನೋಡು ಮೊದಲ" ಎಂದು ನನ್ನನ್ನು ಮುಂದಕ್ಕೆ ತಳ್ಳಿದರು. ಗಾಜಿನಂಥ ಮೈ, ಕೆಂಪು ಚುಕ್ಕೆಯ ಕಣ್ಣು, ಅಲ್ಲಿಂದಿಲ್ಲಿಗೆ ಜಿಗಿತವೋ ಜಿಗಿತ.

"ಮೇಡಂ, ಓಡ್ಯಾಡಾಕತ್ತಾವ್ರಿ!" ಎಂದು ಕಿರುಚಿಬಿಟ್ಟೆ.

ವಿಜ್ಞಾನಿ ನಕ್ಕು, ತಾವೇ ಹೋಗಿ ಇನ್ನೊಂದು ಸೂಕ್ಷ್ಮದರ್ಶಕ ತಂದಿಟ್ಟರು. "ಮುಂದಿನ ವರ್ಷವೂ ಬನ್ನಿ" ಎಂದರು. ನಮ್ಮೆಲ್ಲರೆದುರು ತಮ್ಮ ತಪ್ಪನ್ನು ಅಷ್ಟು ಗಟ್ಟಿಯಾಗಿ ಹೇಳಿದ ಮೇಡಂ ಬಗ್ಗೆ ಆ ದಿನ ಹುಟ್ಟಿದ ಹೆಮ್ಮೆ ನನಗೆ ಇನ್ನೂ ಇಳಿದಿಲ್ಲ.

ಓದು ಮುಗಿದು ಅದೇ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಾಗ ಮೇಡಂಗೆ ಫೋನು ಮಾಡಿದೆ. ಶಹಬ್ಬಾಸ್ ಅನ್ನಬಹುದೆಂದು ಕಾದರೆ, "ಹಂಗಾದ್ರ ನಮ್ಮ ಹುಡುಗರಿಗೆ ಎರಡ ದಿನ ಕೊಡ್ಸು" ಎಂದರು. ಕೊಡಿಸಿದೆ.

ಈ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಮಳೆ ನಿಂತ ಮೇಲೆ ಅವರ ಕಾಲೇಜಿನ ತಂಡ ಎಂದಿನಂತೆ ಬಂತು. ಸೂಕ್ಷ್ಮದರ್ಶಕಕ್ಕೆ ಮುಗಿಬಿದ್ದು ಗಲಾಟೆ ಮಾಡುತ್ತಿದ್ದ ಹುಡುಗಿಯರನ್ನು ನೋಡಿ, ಹೊಸದಾಗಿ ಸೇರಿದ ಸಹೋದ್ಯೋಗಿ ನನ್ನ ಕಡೆ ತಿರುಗಿದ. "ಯಾರ ಮಕ್ಕಳು ಇವರೆಲ್ಲ?"

"ನಮ್ಮ ಮೇಡಂ ಮಕ್ಕಳು" ಎಂದೆ.