ರುಚಿ ನೋಡದ ಅಡಿಗೆ ಭಟ್ಟರು

ಮೂಗಿನ ತುದಿಯಲ್ಲಿ ಬೆವರಿನ ಒಂದು ಹನಿ. ಅದು ಬೀಳುವ ಮೊದಲೇ ಹೆಗಲ ಮೇಲಿನ ಬೈರಾಸಿನಿಂದ ಒರೆಸಿ, ಸೌತೆಕಾಯಿ ಹುಳಿಯ ಆವಿಯನ್ನು ಒಮ್ಮೆ ಎಳೆದುಕೊಂಡು, "ಉಪ್ಪು ಅರ್ಧ ಹಿಡಿ ಕಮ್ಮಿ ಉಂಟು" ಎನ್ನುತ್ತಿದ್ದರು ಭಟ್ಟರು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಕ್ರಮವಿಲ್ಲ. ಕಾಪುವಿನ ನಮ್ಮ ಮನೆಯ ಎಲ್ಲ ಊಟಗಳನ್ನೂ ಈ ಅಡಿಗೆ ಭಟ್ಟರು ಮೂಗಿನಿಂದಲೇ ಅಳೆದವರು.

ಅಕ್ಕನ ಸೀಮಂತದ ದಿನ ಕೊನೆಯ ಪಂಕ್ತಿಯಲ್ಲಿ ಅವರು ಮಜ್ಜಿಗೆ ಅನ್ನ ಮಾತ್ರ ಉಂಡರು.

"ಎಂತ ಭಟ್ರೇ, ನಿಮ್ಮ ಹುಳಿ ನಿಮಗೇ ಬೇಡವಾ?" ಎಂದೆ.

"ಉಷ್ಣ ಮಾರಾಯ್ತಿ. ಖಾರ ತಾಗಿದರೆ ಕೆನ್ನೆ ಉರಿಯುತ್ತದೆ. ಮೂರು ತಿಂಗಳಿನಿಂದ ಎಳನೀರು ಕುಡಿಯುತ್ತಿದ್ದೇನೆ."

ನಾನು ಆಗ ಮಣಿಪಾಲದಲ್ಲಿ ದಂತವೈದ್ಯದ ಕೊನೆಯ ವರ್ಷದಲ್ಲಿದ್ದೆ. ಹಿರಿಯರಿಗೆ ಬಾಯಿ ತೆರೆಯಿರಿ ಎನ್ನಲೂ ಸಂಕೋಚ. ಆದರೂ ಬಾವಿಕಟ್ಟೆಯ ಹತ್ತಿರ ಕರೆದು ಮೊಬೈಲಿನ ಬೆಳಕು ಹಿಡಿದೆ. ಎಡಗೆನ್ನೆಯ ಒಳಗೆ ಬಿಳಿ ಗೆರೆಗಳ ಬಲೆ, ನಡುವೆ ಕೆಂಪು ಹುಣ್ಣು.

"ನಾಳೆ ಆಸ್ಪತ್ರೆಗೆ ಬನ್ನಿ."

"ನಾಳೆ ಕಾರ್ಕಳದಲ್ಲಿ ಗೃಹಪ್ರವೇಶ. ಇನ್ನೂರು ಎಲೆ."

"ಹಾಗಾದರೆ ನಾಡಿದ್ದು."

ಬಂದರು. ಹುಣ್ಣಿನ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್, ಆಗಷ್ಟೇ ಶುರುವಾದದ್ದು. ಹೊಗೆಸೊಪ್ಪು, ಎಲೆಅಡಿಕೆ ಮುಟ್ಟದವರಿಗೆ ಇದು ಹೇಗೆಂದು ನಮ್ಮ ಪ್ರೊಫೆಸರ್ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದರು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ವೈರಸ್ ಇತ್ತು. ಯೌವನದಲ್ಲಿ ಅಪಘಾತವಾದಾಗ ಏರಿಸಿದ ರಕ್ತದಿಂದ ಬಂದಿರಬೇಕು.

"ಇಂಥ ಬಿಳಿ ಬಲೆಯ ಹಿಂದೆ ಕೆಲವೊಮ್ಮೆ ಈ ವೈರಸ್ ಇರುತ್ತದೆ. ಕ್ಯಾನ್ಸರಿಗೂ ಅದಕ್ಕೂ ನಂಟು ಇರಬಹುದು, ಖಚಿತವಾಗಿ ಹೇಳಲಾಗದು. ಎರಡನ್ನೂ ಗುಣಪಡಿಸೋಣ" ಎಂದರು ಪ್ರೊಫೆಸರ್.

ಭಟ್ಟರು ಶಸ್ತ್ರಚಿಕಿತ್ಸೆಗೆ ಹೆದರಲಿಲ್ಲ. "ರಕ್ತದಲ್ಲಿ ರೋಗ ಇರುವವನ ಅಡಿಗೆ ಯಾರು ಉಣ್ಣುತ್ತಾರೆ?" ಎಂದಷ್ಟೇ ಕೇಳಿದರು. ಊಟದಿಂದ ಅದು ಹರಡುವುದಿಲ್ಲ ಎಂದೆ.

ಶಸ್ತ್ರಚಿಕಿತ್ಸೆ ಮುಗಿದು ಕೆನ್ನೆಯ ಗಾಯ ಮಾಯಿತು. ವೈರಸ್ಸಿಗೆ ಮೂರು ತಿಂಗಳು ಮಾತ್ರೆ ನುಂಗಿದರು. ಮತ್ತೆ ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಅಷ್ಟರಲ್ಲಿ ಸುದ್ದಿ ಹರಡಿ, ಅವರನ್ನು ಅಡಿಗೆಗೆ ಕರೆಯುವವರೇ ಇರಲಿಲ್ಲ.

ಅಕ್ಕನ ಮಗುವಿನ ಅನ್ನಪ್ರಾಶನಕ್ಕೆ ನಾವು ಕರೆದೆವು. ಎಲ್ಲರೂ ಎಲೆಯ ಮುಂದೆ ಕುಳಿತ ಮೇಲೆ ಅವರು ನಡುವೆ ಬಂದು ನಿಂತರು.

"ನನಗೆ ರೋಗ ಇದ್ದದ್ದು ಹೌದು. ಈಗ ಇಲ್ಲ. ಇದ್ದಾಗಲೂ ಊಟದಿಂದ ಹರಡುವಂಥದ್ದಲ್ಲ. ಬೇಕಾದರೆ ಈ ಡಾಕ್ಟ್ರನ್ನು ಕೇಳಿ. ಸಂಶಯ ಇದ್ದವರು ಮಜ್ಜಿಗೆ ಮಾತ್ರ ಕುಡಿದು ಹೋಗಬಹುದು. ಆದರೆ ಅದನ್ನು ಕಡೆದವನೂ ನಾನೇ."

ಎಲ್ಲರೂ ನನ್ನತ್ತ ತಿರುಗಿದರು. ನಾಲ್ಕು ಜನರ ಮುಂದೆ ಎಂದೂ ಮಾತಾಡದ ನಾನು ಎದ್ದು, "ಹೌದು, ಹರಡುವುದಿಲ್ಲ" ಎಂದೆ.

"ಹುಳಿ ತಣಿಯುತ್ತದೆ ಭಟ್ರೇ, ಬಡಿಸಿ" ಎಂದರು ಮಾವ. ಒಬ್ಬರೂ ಏಳಲಿಲ್ಲ. ಹುಳಿ ಎರಡು ಸಲ ಸುತ್ತು ಬಂತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಮೊದಲು ಬಂದ, ಹೂಡೆ ಊರಿನ ಅಜ್ಜಿಯೊಬ್ಬರ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಖಾರ ತಾಗಿದರೆ ಉರಿಯುತ್ತದೆಯೇ, ಹಿಂದೆ ರಕ್ತ ಏರಿಸಿದ್ದುಂಟೇ ಎಂದು, ಅಷ್ಟು ದಿನ ಹಿರಿಯರನ್ನು ಕೇಳಲು ಹಿಂಜರಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿದೆ.