ಬಂಗೇರರು ಸಹಿ ಹಾಕದ ಸೈಟ್

ಸಿಟ್ಟು ಬಂದಾಗ ಬಂಗೇರರು ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಬೈಸಿಕೊಳ್ಳುವವನೇ ಕತ್ತು ಬಗ್ಗಿಸಿ ಕಿವಿ ಕೊಡಬೇಕು. ಮಸ್ಕತ್ತಿನ ಹಮ್ರಿಯಾದಲ್ಲಿದ್ದ ನಮ್ಮ ಕಂಪನಿಯ ಸ್ಟೋರಿನಲ್ಲಿ ನಾಲ್ಕು ವರ್ಷ ಹಾಗೆ ಕಿವಿ ಕೊಟ್ಟವನು ನಾನು. ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ನೆನಪಾದರೆ ಮೈ ಉರಿಯುತ್ತದೆ.

ಕಾರ್ಕಳದ ಕಡೆಯವರು. ಸೇನೆಯಲ್ಲಿ ಬಂದೂಕು ರಿಪೇರಿ ಮಾಡುತ್ತ ಹವಾಲ್ದಾರರಾಗಿ ನಿವೃತ್ತರಾಗಿ ಮಸ್ಕತ್ತಿಗೆ ಬಂದು ಸ್ಟೋರ್ ನೋಡಿಕೊಳ್ಳುತ್ತಿದ್ದರು; ನಾನು ಆರಿಸಿದ್ದಕ್ಕೆಲ್ಲ ಅವರ ಸಹಿ ಬೇಕಿತ್ತು. ನಾನು ಮೈಸೂರಿನ ಇಂಜಿನಿಯರ್. ಕಾವಲು ಪಡೆಗಳಿಗೆ ಸಾಮಾನು ಒದಗಿಸುವ ಸಣ್ಣ ಕಂಪನಿಯಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು; ಕ್ಯಾಟಲಾಗುಗಳು ಕೊರಿಯರಿನಲ್ಲಿ ಬರುತ್ತಿದ್ದವು, ನಾನು ಅವನ್ನು ಹರಡಿಕೊಂಡು ಅಂದವಾದ ಹೋಲಿಕೆ ಪಟ್ಟಿ ಮಾಡುತ್ತಿದ್ದೆ. ಅದಕ್ಕೇ ಬಂಗೇರರು ನನ್ನನ್ನು ಹೆಸರು ಹಿಡಿದು ಕರೆಯದೆ ‘ಕ್ಯಾಟಲಾಗಿನವರು’ ಎನ್ನುತ್ತಿದ್ದರು. ಇಡೀ ಆಫೀಸು ಅದನ್ನೇ ಕಲಿತುಕೊಂಡಿತು.

ಒಮ್ಮೆ ರೈಫಲ್‌ಗಳಿಗೆ ಮಡಚುವ ಸೈಟ್ ಬೇಕೆಂದು ಬೇಡಿಕೆ ಬಂತು. ಬ್ಯಾಟರಿಯ ಸ್ಕೋಪ್ ಕೈಕೊಟ್ಟರೆ ತಟ್ಟನೆ ಎಬ್ಬಿಸಿ ಗುರಿ ಹಿಡಿಯಲು ಮುಂದೊಂದು ಕಡ್ಡಿ, ಹಿಂದೊಂದು ತೂತು, ಅಷ್ಟೇ. ನಾನು ಹಗುರವೆಂದು ಪ್ಲಾಸ್ಟಿಕ್ಕಿನದನ್ನು ಆರಿಸಿ ಮಾದರಿ ತರಿಸಿದೆ. ಬಂಗೇರರು ಅದನ್ನು ಎಲ್ಲರ ಎದುರಿಗೆ ಸಿಮೆಂಟು ನೆಲಕ್ಕೆ ಮೂರು ಸಲ ಬೀಳಿಸಿದರು. ಮೂರನೆಯದಕ್ಕೆ ಕೀಲು ಮುರಿಯಿತು. ಚೂರುಗಳನ್ನು ನನ್ನ ಅಂಗೈಯಲ್ಲಿಟ್ಟು ಪಿಸುಗುಟ್ಟಿದರು: “ಸೋಪಿನ ಡಬ್ಬಿಗಾದ್ರೆ ಅಡ್ಡಿ ಇಲ್ಲ ಮಾರಾಯ್ರೆ.” ರಿಸೆಪ್ಷನಿನ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ನಗುವನ್ನು ನಾನು ಮರೆತಿಲ್ಲ.

ಹಟಕ್ಕೆ ಬಿದ್ದು ಎರಡನೇ ಸಲ ಉಕ್ಕಿನದನ್ನು ಆರಿಸಿದೆ. ಮುಂದಿನ ಕಡ್ಡಿಯ ಸೈಟ್ ಎರಡು ಎತ್ತರದಲ್ಲಿ ಸಿಗುತ್ತಿತ್ತು: ಒಂದು ಹಿಂದಿನದಕ್ಕೆ ಸಮ, ಇನ್ನೊಂದು ತುಸು ಎತ್ತರ. ಜೋಡಿ ಎಂದಮೇಲೆ ಎರಡೂ ಒಂದೇ ಎತ್ತರ ಇರಬೇಕಲ್ಲವೇ? ಹಿಂದಿನದಕ್ಕೆ ಸರಿಸಮ ಇರುವುದನ್ನೇ ಬರೆದೆ. ಬಂಗೇರರು ಕಾಗದ ನೋಡಿದರು, ಸಹಿ ಹಾಕಲಿಲ್ಲ.

“ನೀವು ರೈಫಲನ್ನು ಒಮ್ಮೆ ಹೆಗಲಿಗೆ ಇಟ್ಟು ನೋಡಿ. ಮತ್ತೆ ನಾನು ಸಹಿ ಹಾಕ್ತೇನೆ.”

“ನಾನು ಇಂಜಿನಿಯರ್ ಕಣ್ರೀ, ಸಿಪಾಯಿ ಅಲ್ಲ. ತಪ್ಪೇನಿದೆ ಅಂತ ಬಾಯಿಬಿಟ್ಟು ಹೇಳಿ.”

“ಹೇಳಿದ್ರೆ ಅದು ನನ್ನ ಆಯ್ಕೆ ಆಗ್ತದೆ. ಆರಿಸಿದವ ಮೊದಲು ಗುರಿ ಹಿಡಿದು ನೋಡ್ಬೇಕು. ನಮ್ಮಲ್ಲಿ ಹಾಗೇ ಉಂಟು.”

ಅದು ಅವರ ಕಟ್ಟಳೆ. ಒಂದೇ ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ನಾನು ಸೀದಾ ಮ್ಯಾನೇಜರ್ ಹತ್ತಿರ ಹೋಗಿ ಸಹಿ ಹಾಕಿಸಿಕೊಂಡೆ. ಜೋಡಿಸುವುದು ಬಂಗೇರರ ಕೆಲಸವಾದ್ದರಿಂದ ಜೋಡಿಸಿಕೊಟ್ಟರು.

ಊರಾಚೆಯ ಮೈದಾನದಲ್ಲಿ ಗಿರಾಕಿಯ ಅಧಿಕಾರಿಗಳ ಎದುರು ಹಾರಿಸಿದ ಗುಂಡುಗಳೆಲ್ಲ ಗುರಿಹಲಗೆಯ ಮೇಲಿನಿಂದ ಹಾದುಹೋದವು. ಕಡ್ಡಿಯನ್ನು ತಿರುಗಿಸಿ ಏರಿಸಬಹುದಾದಷ್ಟು ಏರಿಸಿದರೂ ಅಷ್ಟೇ. ಅಧಿಕಾರಿಯೊಬ್ಬ “ಖಲಾಸ್” ಎಂದು ಜೀಪು ಹತ್ತಿದ. ಮ್ಯಾನೇಜರ್ ಯಾರ ತಪ್ಪು ಎಂದು ಬರೆದುಕೊಡಲು ಹೇಳಿದರು. ಒಬ್ಬರ ಕೆಲಸ ಹೋಗುವುದು ಖಂಡಿತವಾಗಿತ್ತು. ಅಲ್ ಗುಬ್ರಾದ ಶಾಲೆಗೆ ಮಗಳನ್ನು ಆಗಷ್ಟೇ ಸೇರಿಸಿದ್ದೆ. ಹೆದರಿದ್ದೆ, ನಿಜ. ಆದರೆ ‘ಜೋಡಣೆಯಲ್ಲಿ ದೋಷ’ ಎಂದು ಬರೆಯುವಾಗ ಸೇಡು ತೀರಿದ ಖುಷಿಯೇ ಇತ್ತು.

ವೀಸಾ ರದ್ದಾಗಿ ಅವರು ಹೊರಡುವ ಹಿಂದಿನ ದಿನ ಸ್ಟೋರಿನ ಬೀಗದ ಕೈ ತೆಗೆದುಕೊಳ್ಳಲು ನಾನೇ ಹೋಗಬೇಕಾಯಿತು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಬಂಗೇರರು ಬೀರುವಿನಿಂದ ಮಾದರಿ ರೈಫಲ್ ತೆಗೆದರು, ಖಾಲಿ ಇದೆಯೆಂದು ಎರಡು ಸಲ ನೋಡಿದರು, ನನ್ನ ಕೈಗಿತ್ತರು.

“ಇವತ್ತಾದ್ರೂ ಹೆಗಲಿಗೆ ಇಡಿ.”

ಇಟ್ಟೆ. ಹಿಂದಿನ ತೂತಿನಲ್ಲಿ ಮುಂದಿನ ಕಡ್ಡಿಯ ತುದಿ ತೀರಾ ಕೆಳಗೆ ಕಾಣುತ್ತಿತ್ತು. ಅದನ್ನು ನಡುವಿಗೆ ತರಬೇಕೆಂದರೆ ನಳಿಕೆಯನ್ನೇ ಮೇಲೆತ್ತಬೇಕು. ಮುಂದಿನ ಸೈಟ್ ಕೂರುವ ಜಾಗ ಹಿಂದಿನದಕ್ಕಿಂತ ತಗ್ಗು. ಅದಕ್ಕೇ ಎತ್ತರದ್ದು ಬೇಕಿತ್ತು. ಮಗುವಿಗೂ ತಿಳಿಯುವಂತಿತ್ತು.

“ಕಂಡಿತಾ?” ಬಗ್ಗಿಯೇ ಕೇಳಿಸಿಕೊಳ್ಳಬೇಕಾದಷ್ಟು ಸಣ್ಣ ದನಿ.

“ಇಲ್ಲ,” ಎಂದೆ.

ಅವರು ರೈಫಲನ್ನು ವಾಪಸು ತೆಗೆದುಕೊಂಡು ನನ್ನ ಬೆರಳಿನ ಗುರುತುಗಳನ್ನು ಬಟ್ಟೆಯಿಂದ ಒರೆಸಿದರು, ಒಳಗಿಟ್ಟು ಬೀಗ ಹಾಕಿದರು. ನಾನು ಕೈ ಚಾಚಿದ್ದರೂ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮತ್ತೆ ಅವರನ್ನು ನೋಡಲಿಲ್ಲ.

ಮರುದಿನವೇ ನಾನು ಎತ್ತರದ ಸೈಟಿಗೆ ಆರ್ಡರ್ ಬರೆದೆ. ಆಯ್ಕೆ ಮಾಡಿದವರು ಎಂಬ ಕಡೆ ನನ್ನ ಹೆಸರನ್ನೇ ಟೈಪ್ ಮಾಡಿದೆ. ಗಿರಾಕಿ ಕೊನೆಗೂ ಒಪ್ಪಿದ ಎರಡನೇ ಪರೀಕ್ಷೆಯಲ್ಲಿ ಒಂದು ಗುಂಡೂ ತಪ್ಪಲಿಲ್ಲ.