ಗ್ಯಾಸಿಗೆ ಓಮದ ನೀರು

ಮನುಷ್ಯಕುಲದ ಉಳಿವು ಮುನ್ನೆಚ್ಚರಿಕೆಯ ಮೇಲೆ ನಿಂತಿದೆ. ನಾವು ಏಳನೆಯ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮೂರು ಮಾಣಿಯಲ್ಲಿ ಅದು ಒಂದು ಒದ್ದೆ ಬೈರಾಸಿನ ಮೇಲೆ ನಿಂತಿತ್ತು.

ಆಗ ನಮ್ಮ ಶಾಲೆಗೂ ಹೆದ್ದಾರಿಗೂ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ಅದರಾಚೆ ಗ್ಯಾಸ್ ಟ್ಯಾಂಕರುಗಳು ಮಂಗಳೂರಿನಿಂದ ಘಟ್ಟದ ಕಡೆಗೆ ಮದುವೆ ದಿಬ್ಬಣದಂತೆ ಸಾಲಾಗಿ ಸಾಗುತ್ತಿದ್ದವು. ಟ್ಯಾಂಕರ್ ಮಗುಚಿದರೆ ಏನು ಮಾಡಬೇಕೆಂದು ತೋರಿಸುವ ಅಣಕು ಕಾರ್ಯಾಚರಣೆ ನಮ್ಮಲ್ಲೇ ನಡೆಯುವುದೆಂದು ಹೆಡ್ಮಾಷ್ಟ್ರು ಘೋಷಿಸಿದ ದಿನ ಕ್ಲಾಸಿಗೆ ಕ್ಲಾಸೇ ಬೆಂಚು ಬಡಿಯಿತು. ಕೆಲವರು ಪ್ರಜ್ಞೆ ತಪ್ಪಿ ಬೀಳಬೇಕು. ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು, ನಿಜವಾದ ಆಂಬುಲೆನ್ಸಿನಲ್ಲಿ, ಸೈರನ್ ಹಾಕಿಕೊಂಡು ಬಿ.ಸಿ. ರೋಡಿನ ಆಸ್ಪತ್ರೆಯವರೆಗೆ ಒಯ್ಯುತ್ತಾರೆ!

ಪಿ.ಟಿ. ಮಾಷ್ಟ್ರು ಒಬ್ಬೊಬ್ಬರನ್ನೇ ಬೀಳಿಸಿ ಪರೀಕ್ಷಿಸಿದರು. "ನೀನು ಬಿದ್ದದ್ದಲ್ಲ ಮಾರಾಯ, ಚಾಪೆ ಹಾಸಿ ಮಲಗಿದ್ದು" ಎಂದು ಹಲವರು ತಿರಸ್ಕೃತರಾದರು. ನಾನು ಬುಡ ಕಡಿದ ಬಾಳೆಯಂತೆ ಬಿದ್ದು ಮೊಣಕೈ ತರಚಿಕೊಂಡೆ. ಕೂಡಲೇ ಆಯ್ಕೆಯಾದೆ. ಗೆಳತಿ ನಫೀಸಳೂ ಆದಳು.

"ಯಾರು ಎಂತ ಕೇಳಿದ್ರೂ ಕಣ್ಣು ಬಿಡ್ಬಾರ್ದು. ಹಂದಾಡಿದವರಿಗೆ ಆಂಬುಲೆನ್ಸ್ ಇಲ್ಲ" ಎಂದರು ಮಾಷ್ಟ್ರು.

ಆ ವಾರ ನಮಗೆ ಬೇರೆ ಆಟವೇ ಇರಲಿಲ್ಲ. ಹಿಡಿ ಧೂಳು ತೂರಿ ಗಾಳಿಯ ದಿಕ್ಕು ನೋಡುವುದು, ಬೈರಾಸು ಒದ್ದೆ ಮಾಡಿ ಮೂಗಿಗೆ ಕಟ್ಟಿ ಗಾಳಿಗೆ ಅಡ್ಡವಾಗಿ ಓಡುವುದು. ಅಪ್ಪ ಹೆಗಲಿಗೆ ಹಾಕುವ ಬೈರಾಸಿಗೆ ಬಾರ್ ಸಾಬೂನಿನದ್ದೂ ಬೀಡಿಯದ್ದೂ ವಾಸನೆ. ಯಾವ ವಿಷಾನಿಲವೂ ಅದನ್ನು ದಾಟಿ ಒಳಗೆ ಬರುವ ಧೈರ್ಯ ಮಾಡದು ಎಂದು ನನಗೆ ಖಾತ್ರಿಯಿತ್ತು.

ಸೌದೆ ಒಲೆಯ ಮುಂದೆ ಕೂತ ಅಜ್ಜಿಗೂ ಪಾಠ ಹೇಳಿದೆ. "ಅಜ್ಜೀ, ಗ್ಯಾಸ್ ಬಂದ್ರೆ ಮೊದಲು ಬೆಂಕಿ ನಂದಿಸ್ಬೇಕು. ಅದು ನೆಲದಲ್ಲೇ ಹರಿಯುದು, ತಗ್ಗಿಗೆ ಇಳಿಯಬಾರ್ದು. ಗಾಳಿಗೆ ಅಡ್ಡ ಓಡ್ಬೇಕು."

"ಗ್ಯಾಸಿಗೆ ಯಾರಾದ್ರೂ ಓಡ್ತಾರಾ? ಓಮದ ನೀರು ಕುಡಿದು ಸುಮ್ಮನೆ ಕೂತ್ರೆ ಹೋಗ್ತದೆ" ಎಂದು ಅಜ್ಜಿ ತೇಗಿದರು. ನಮ್ಮ ಮನೆಗೆ ಆಗಿನ್ನೂ ಬೇರೆ ನಮೂನೆಯ ಗ್ಯಾಸ್ ಬಂದಿರಲಿಲ್ಲ.

ಕಾರ್ಯಾಚರಣೆಯ ಬೆಳಿಗ್ಗೆ ಮನೆಯಲ್ಲಿ ಹಲಸಿನ ಹಣ್ಣಿನ ಗಟ್ಟಿ, ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು. ತೇಗದ ಎಲೆಯ ಪರಿಮಳಕ್ಕೆ ಸೋತು ಹೊಟ್ಟೆ ಬಿರಿಯ ತಿಂದು ಹೋದೆ. ಸೈರನ್ ಕೂಗಿತು. ಮಕ್ಕಳೆಲ್ಲ ಬೈರಾಸು ಕಟ್ಟಿ ಅಡ್ಡಡ್ಡ ಓಡಿದರು. ನಾನು ಬಿದ್ದೆ. ಅದು ನನ್ನ ಜೀವಮಾನದ ಶ್ರೇಷ್ಠ ಬೀಳುವಿಕೆ. ಇಬ್ಬರು ನನ್ನನ್ನು ಸ್ಟ್ರೆಚರಿಗೆ ಹಾಕಿ ಓಡಿದರು. ಮುಚ್ಚಿದ ಕಣ್ಣೊಳಗೆ ಬಿ.ಸಿ. ರೋಡು ಆಗಲೇ ಕಾಣಿಸತೊಡಗಿತ್ತು.

ಆಗ ಬೇಲಿಯ ಹತ್ತಿರದಿಂದ, ಸೈರನ್ ಕೇಳಿ ಓಡಿ ಬಂದ ಅಜ್ಜಿಯ ಸ್ವರ. "ಅಯ್ಯೋ ದೇವರೇ, ನನ್ನ ಮಗುವಿಗೆ ಎಂತಾಯ್ತು?"

"ಗ್ಯಾಸ್ ಅಜ್ಜಿ, ಗ್ಯಾಸ್! ದಾರಿ ಬಿಡಿ!" ಎಂದ ಸ್ಟ್ರೆಚರಿನವ.

"ಗ್ಯಾಸಾ? ಆಗದೆ ಮತ್ತೆ? ಬೇಡ ಬೇಡ ಅಂದ್ರೂ ಅಷ್ಟು ಗಟ್ಟಿ ನುಂಗಿದ್ದಾಳೆ! ಇಳಿಸಿ ಅವಳನ್ನು, ಓಮದ ನೀರು ತರ್ತೇನೆ!"

ಮೊದಲು ಸ್ಟ್ರೆಚರ್ ನಡುಗಿತು, ಹೊತ್ತವರು ನಗುತ್ತಿದ್ದರು. ಆಮೇಲೆ ನನ್ನ ಹೊಟ್ಟೆ ಕುಣಿಯಿತು. ಹಲ್ಲು ಕಚ್ಚಿದೆ, ಮೂಗಿನಿಂದ ನಗು ಹೊರಟಿತು.

"ಇವಳಿಗೆ ಪ್ರಜ್ಞೆ ಉಂಟು ಸರ್" ಎಂದು ವರದಿ ಹೋಯಿತು. ಆಂಬುಲೆನ್ಸಿನ ಬಾಗಿಲಲ್ಲೇ ನನ್ನನ್ನು ಇಳಿಸಿದರು. ನಫೀಸ ಒಳಗಿನಿಂದ ಅರ್ಧ ಕಣ್ಣು ತೆರೆದು ನನಗೆ ನಾಲಿಗೆ ತೋರಿಸಿ, ಮತ್ತೆ ಪ್ರಜ್ಞೆ ತಪ್ಪಿದಳು.

ಈಗ ಹೆದ್ದಾರಿ ಅಗಲವಾಗಿದೆ. ದಾಸವಾಳದ ಬೇಲಿ ಡಾಮರಿನಡಿ ಹೋಯಿತು, ಅಜ್ಜಿಯೂ ಹೋದರು. ವಿಪತ್ತಿನ ಪರೀಕ್ಷಾ ಸಂದೇಶ ಮೊಬೈಲಿಗೇ ಬಂದು ಕಿರುಚುತ್ತದೆ. ಯಾರೂ ಓಡುವುದಿಲ್ಲ, ಯಾರೂ ಚೆಂದ ಮಾಡಿ ಬೀಳುವುದಿಲ್ಲ, ಬೆರಳಿನಿಂದ ಒರಸಿ ಊಟ ಮುಂದುವರಿಸುತ್ತಾರೆ. ನನ್ನ ಅಂಗಳದಲ್ಲಿ ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಮೇಲೆ ಗಾಳಿಯ ದಿಕ್ಕು ನೋಡಲು ಹಿಡಿ ಧೂಳೂ ಸಿಗುವುದಿಲ್ಲ.

ನಾನು ಇದುವರೆಗೆ ಆಂಬುಲೆನ್ಸ್ ಹತ್ತಿಲ್ಲ.